ಕುದುರೆಗೆ ಅತ್ತವನು ಶೆರಿಫನಿಗೆ ಅಳಲಿಲ್ಲ

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ದಾವಣಗೆರೆಗೆ ಬಂದರೆ ಹಾಲ್‌ನ ಟಿವಿ ಅವನದೇ, ಬೇರೆ ಯಾರೂ ರಿಮೋಟ್ ಮುಟ್ಟೋ ಹಾಗಿಲ್ಲ. ಕಳೆದ ಬೇಸಿಗೆಯಲ್ಲಿ ನಾನು ಹೋದಾಗ 'ರೆಡ್ ಡೆಡ್ ರಿಡೆಂಪ್ಷನ್ 2' ಆಡುತ್ತಿದ್ದ. 1899ರ ಅಮೆರಿಕ, ಆರ್ಥರ್ ಮಾರ್ಗನ್ ಅನ್ನೋ ದರೋಡೆಕೋರ, ಅವನ ಗ್ಯಾಂಗು. ಅಕ್ಕ ಅಲ್ಲೇ ನೆಲದ ಮೇಲೆ ಪೇಪರ್ ಹಾಸಿಕೊಂಡು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಇವನು ವ್ಯಾಲೆಂಟೈನ್ ಅನ್ನೋ ಊರಿನ ಬೀದಿಯಲ್ಲಿ ಯಾರಿಗೋ ಗುದ್ದಿದ. ಅದು ಜಗಳವಾಯ್ತು, ಶೆರಿಫ್ ಅಂದರೆ ಆ ಊರಿನ ಪೊಲೀಸ್ ಅಧಿಕಾರಿ ಬಂದ, ಶೆರಿಫನಿಗೂ ಗುಂಡು ಬಿತ್ತು. ಆಮೇಲೆ ಅಂಗಡಿಯಿಂದ ಹೊರಗೆ ಇಣುಕಿದವನಿಗೂ ಬಿತ್ತು. ಇವನು ಎಡಗೈಯಲ್ಲಿ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಲೇ ಇದ್ದ. ಊರು ಬಿಟ್ಟು ಕುದುರೆ ಓಡಿಸಿದ. ಬಂಡೆಗಳ ಇಳಿಜಾರಲ್ಲಿ ಅವಸರ ಮಾಡಿದ್ದಕ್ಕೆ ಕುದುರೆ ಮುಗ್ಗರಿಸಿ ಬಿತ್ತು. ಬಿದ್ದು ಒದ್ದಾಡತೊಡಗಿತು. ಅದನ್ನು ಉಳಿಸೋ ಔಷಧಿ ಒಂದಿರುತ್ತದೆ, ಇವನ ಚೀಲದಲ್ಲಿ ಇರಲಿಲ್ಲ.

ಮಂಡಕ್ಕಿ ನಿಂತಿತು. ಕಂಟ್ರೋಲರ್ ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೂತುಬಿಟ್ಟ. ನೋಡಿದರೆ ಕಣ್ಣು ತುಂಬಿದೆ. ಆ ಕುದುರೆಗೆ ಅವನು ಕಾಳ ಅಂತ ಹೆಸರಿಟ್ಟಿದ್ದನಂತೆ.

"ಅಲ್ವೋ, ಆಗ್ಲಿಂದ ಅಷ್ಟು ಜನ ಸತ್ರು. ಅವರಿಗಿಲ್ಲದ್ದು ಕುದುರೆಗೆ ಯಾಕೋ?" ಅಂದಳು ಅಕ್ಕ.

"ಅವರೆಲ್ಲ ಎನ್‌ಪಿಸಿ ಕಣಮ್ಮ."

"ಕುದುರೆ ಏನು, ನಿಮ್ಮ ದೊಡ್ಡಪ್ಪನ ಮಗನಾ?"

ಅವನಿಗೆ ಸಿಟ್ಟು ಬಂತು, ನನಗೆ ನಗು ಬಂತು. ಆದರೆ ಅಕ್ಕನ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಎನ್‌ಪಿಸಿ ಅಂದರೆ ಆಡುವವನ ಕೈಯಲ್ಲಿ ಇಲ್ಲದ, ಕಂಪ್ಯೂಟರೇ ನಡೆಸುವ ಪಾತ್ರ. ಆ ಲೆಕ್ಕದಲ್ಲಿ ಶೆರಿಫನೂ ಅದೇ, ಕಾಳನೂ ಅದೇ. ಇಬ್ಬರಿಗೂ ಜೀವ ಇಲ್ಲ, ಇಬ್ಬರಿಗೂ ನೋವಾಗಲ್ಲ. ಹಾಗಿದ್ದರೆ ಒಬ್ಬನಿಗೆ ಕಣ್ಣೀರು, ಒಬ್ಬನಿಗೆ ಮಂಡಕ್ಕಿ ಅನ್ನೋ ಭೇದ ಎಲ್ಲಿಂದ ಬಂತು? ಗೇಮ್ ಪಾತ್ರಗಳನ್ನು ನಿಜ ಮನುಷ್ಯರ ಹಾಗೆ ನೋಡಬೇಕಾ ಬೇಡವಾ ಅಂತ ಆಗಾಗ ಜಗಳ ಆಗುತ್ತಲೇ ಇರುತ್ತದೆ. "ಛೇ, ಅದು ಬರೀ ಗೇಮ್" ಅನ್ನೋ ಗುಂಪು ಒಂದು. "ಅಲ್ಲಿ ಹಾಗೆ ಮಾಡುವವನು ಇಲ್ಲೂ ಹಾಗೇ ಮಾಡ್ತಾನೆ" ಅನ್ನೋ ಗುಂಪು ಇನ್ನೊಂದು. ನನಗೆ ಎರಡೂ ಸರಿ ಕಾಣುವುದಿಲ್ಲ. ಯಾಕೆ ಅಂತ ಹೇಳುತ್ತಾ ಹೋಗುತ್ತೇನೆ. ಒಂದೆರಡು ಗೇಮ್‌ಗಳ ಕಥೆ ಇಲ್ಲಿ ಬಯಲಾಗುತ್ತದೆ, ಆಡಬೇಕು ಅಂತ ಇಟ್ಟುಕೊಂಡವರು ಈಗಲೇ ಎದ್ದು ಹೋಗಬಹುದು.

ಹೆಸರು ಕೊಟ್ಟರೆ ಒಂದು, ಕೊಡದಿದ್ದರೆ ಒಂದು

ಕಾಳನ ಮೇಲೆ ಹುಡುಗನಿಗೆ ಪ್ರೀತಿ ಹುಟ್ಟಿದ್ದು ತಾನಾಗಿ ಅಲ್ಲ. ಗೇಮ್ ಮಾಡಿದವರು ಅದಕ್ಕೆ ವ್ಯವಸ್ಥೆ ಮಾಡಿಟ್ಟಿದ್ದಾರೆ. ಕುದುರೆಗೆ ಮೈ ಉಜ್ಜಬೇಕು, ಕ್ಯಾರೆಟ್ ತಿನ್ನಿಸಬೇಕು, ಬೆದರಿದರೆ ಕುತ್ತಿಗೆ ತಟ್ಟಿ ಸಮಾಧಾನ ಮಾಡಬೇಕು. ಹೀಗೆ ಮಾಡುತ್ತಾ ಹೋದರೆ ನಿಮ್ಮಿಬ್ಬರ ಬಾಂಧವ್ಯ ನಾಲ್ಕು ಹಂತದಲ್ಲಿ ಏರುತ್ತದೆ. ಬಾಂಧವ್ಯ ಜಾಸ್ತಿಯಾದರೆ ಅದು ಗುಂಡಿನ ಸದ್ದಿಗೆ ಬೆದರುವುದು ಕಡಿಮೆಯಾಗುತ್ತದೆ, ದೂರದಿಂದ ಸಿಳ್ಳೆ ಹೊಡೆದರೂ ಬರುತ್ತದೆ. ಶೆರಿಫನ ಜೊತೆ ಇದ್ಯಾವುದೂ ಇಲ್ಲ. ಅವನಿಗೆ ಕ್ಯಾರೆಟ್ ತಿನ್ನಿಸಿದವರು ಯಾರೂ ಇಲ್ಲ. ಅಂದರೆ ಹುಡುಗ ಅತ್ತದ್ದು ತನ್ನ ಸಮಯಕ್ಕೆ, ತಾನು ದಿನಾ ಸಂಜೆ ಉಜ್ಜಿದ ಆ ಕರಿ ಮೈಗೆ. ಇದನ್ನು ಹುಚ್ಚು ಅಂತ ನಾನು ಕರೆಯಲ್ಲ. ನಾವು ನಿಜ ಮನುಷ್ಯರ ವಿಷಯದಲ್ಲೂ ಹಾಗೇ ಅಲ್ವಾ? ಪೇಪರ್‌ನಲ್ಲಿ ಬಸ್ ಅಪಘಾತದ ಸುದ್ದಿ ಓದಿ ಪುಟ ತಿರುಗಿಸುತ್ತೇವೆ. ಅದೇ ಬಸ್ಸಲ್ಲಿ ಪರಿಚಯದವರೊಬ್ಬರು ಇದ್ದರು ಅಂತ ಗೊತ್ತಾದರೆ ಊಟ ಇಳಿಯುವುದಿಲ್ಲ.

ಗೇಮ್ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. 2020ರಲ್ಲಿ ಬಂದ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಗೇಮ್‌ನಲ್ಲಿ ಎದುರಾಳಿಗಳಿಗೆ ಹೆಸರುಗಳಿವೆ. ಒಬ್ಬನನ್ನು ಕೊಂದರೆ ಜೊತೆಯವನು ಅವನ ಹೆಸರು ಹಿಡಿದು ಕೂಗುತ್ತಾನೆ. ನಾಯಿಯನ್ನು ಕೊಂದರೆ ಅದರ ಜೊತೆಗಿದ್ದವರು ನಾಯಿಯ ಹೆಸರು ಕೂಗಿ ಸಂಕಟಪಡುತ್ತಾರೆ. ಬೇಕಂತಲೇ ಮಾಡಿದ್ದು, ಆಡುವವನ ಕೈ ಸ್ವಲ್ಪ ನಡುಗಲಿ ಅಂತ. ಇದಕ್ಕೆ ಸರಿಯಾಗಿ ಉಲ್ಟಾ ಮಾಡಿದ್ದು ನಮ್ಮ ದೇಶಕ್ಕೆ ಅಂತಲೇ ಬಂದ ಬಿಜಿಎಂಐ. ಪಬ್‌ಜಿ 2020ರ ಸೆಪ್ಟೆಂಬರ್‌ನಲ್ಲಿ ಬ್ಯಾನ್ ಆಯ್ತಲ್ಲ, ಮುಂದಿನ ವರ್ಷ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನು ಹೊಸ ಹೆಸರಲ್ಲಿ ತಂದಾಗ ರಕ್ತದ ಬಣ್ಣ ಹಸಿರಾಗಿತ್ತು. 'ಕಿಲ್' ಅನ್ನೋದರ ಬದಲು 'ಫಿನಿಶ್' ಬಂದಿತ್ತು. ಇದು ನಿಜ ಜಗತ್ತಲ್ಲ, ವರ್ಚುವಲ್ ಜಗತ್ತು ಅಂತ ಶುರುವಿನಲ್ಲೇ ಒಂದು ದನಿ ಎಚ್ಚರಿಸುತ್ತಿತ್ತು. ಗುಂಡು ಅದೇ, ಬೀಳುವ ರೀತಿ ಅದೇ. ಬಿದ್ದವನು ಮಾತ್ರ ಮನುಷ್ಯ ಅಲ್ಲ ಅಂತ ನಾವು ಒಪ್ಪಿಕೊಳ್ಳಬೇಕು. ತಮಾಷೆ ಏನೆಂದರೆ ಬಿಜಿಎಂಐನಲ್ಲಿ ಎದುರಿಗಿರುವವನ ಹಿಂದೆ ಬಹುಪಾಲು ಒಬ್ಬ ನಿಜ ಮನುಷ್ಯ ಇರುತ್ತಾನೆ. ರಾಯಚೂರಿನಲ್ಲೋ ರಾಂಚಿಯಲ್ಲೋ ಮಂಚದ ಮೇಲೆ ಮಲಗಿಕೊಂಡು ಆಡುತ್ತಿರುತ್ತಾನೆ. ಮೈಕ್‌ನಲ್ಲಿ ಅವನ ತಾಯಿಗೆ ಬಯ್ಯುವ ಬೈಗುಳಕ್ಕೆ ಯಾವ ಹಸಿರು ಬಣ್ಣವೂ ಇಲ್ಲ.

ಕಾನೂನು ಕೂಡ ಒಮ್ಮೆ ಈ ಗೊಂದಲಕ್ಕೆ ತಲೆ ಹಾಕಿತ್ತು. ಕ್ಯಾಲಿಫೋರ್ನಿಯಾ ರಾಜ್ಯ 2005ರಲ್ಲಿ ಒಂದು ಕಾಯ್ದೆ ತಂದಿತು. 'ಮನುಷ್ಯನ ಚಿತ್ರ'ವನ್ನು ಕೊಲ್ಲುವ, ಅಂಗಾಂಗ ಕತ್ತರಿಸುವ, ಅದರ ಮೇಲೆ ಲೈಂಗಿಕ ದೌರ್ಜನ್ಯ ಮಾಡುವ ಗೇಮ್‌ಗಳನ್ನು 18 ತುಂಬದವರಿಗೆ ಮಾರಬಾರದು ಅಂತ. ಅದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2011ರ ಜೂನ್‌ನಲ್ಲಿ 7-2 ಮತಗಳಿಂದ ಬಿದ್ದುಹೋಯಿತು. ಮಕ್ಕಳಿಗೆ ಹೇಳುವ ಹಳೇ ಕಥೆಗಳಲ್ಲೇ ಬೇಕಾದಷ್ಟು ಕ್ರೌರ್ಯ ಇದೆಯಲ್ಲ ಅಂತ ತೀರ್ಪು ಬರೆದ ಜಸ್ಟಿಸ್ ಸ್ಕಾಲಿಯಾ ಕೇಳಿದರು. ನನಗೆ ಆ ಕೇಸಿನಲ್ಲಿ ಇಷ್ಟವಾಗುವ ಸಂಗತಿ ಬೇರೆ. ಮಾರುವವನ ಹಕ್ಕು, ಕೊಳ್ಳುವ ಹುಡುಗನ ಹಕ್ಕು, ಅಪ್ಪ ಅಮ್ಮಂದಿರ ಚಿಂತೆ, ಎಲ್ಲಾ ಚರ್ಚೆಗೆ ಬಂತು. ಕತ್ತರಿಸಿಕೊಳ್ಳುವ ಆ ಚಿತ್ರದ ಪರವಾಗಿ ವಕೀಲರನ್ನು ಯಾರೂ ಇಡಲಿಲ್ಲ. ಇಡಬೇಕಾಗಿಯೂ ಇರಲಿಲ್ಲ. ಅಲ್ಲಿಯವರೆಗೆ ಎಲ್ಲರದೂ ಸರಿಯಾಗೇ ಇತ್ತು.

ಸಿಗ್ನಲ್‌ನಲ್ಲಿ ನಿಲ್ಲುತ್ತಿದ್ದ ಹುಡುಗ

ನಮ್ಮ ಕಾಲದ ಗೇಮ್ ಅಂದರೆ 'ವೈಸ್ ಸಿಟಿ'. ಶಿವಮೊಗ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸೈಬರ್ ಕೆಫೆ ಇತ್ತು, ಗಂಟೆಗೆ 20 ರೂಪಾಯಿ. ಹೆಸರಿಗೆ ಇಂಟರ್ನೆಟ್, ಒಳಗೆ ಕೂತವರೆಲ್ಲ ಆಡುತ್ತಿದ್ದದ್ದು ಇದನ್ನೇ. ಆ ಸಿಡಿ ಅಸಲಿಯಾಗಿರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಕೀಬೋರ್ಡ್ ಪಕ್ಕದ ಗೋಡೆ ಮೇಲೆ ಪೆನ್ನಿನಲ್ಲಿ ಚೀಟ್ ಕೋಡ್ ಗೀಚಿರುತ್ತಿದ್ದರು. ಪ್ಯಾಂಜರ್ ಅಂತ ಟೈಪ್ ಮಾಡಿದರೆ ಟ್ಯಾಂಕ್ ಬೀಳುತ್ತಿತ್ತು, ಆಸ್ಪಿರಿನ್ ಅಂದರೆ ಆರೋಗ್ಯ ತುಂಬುತ್ತಿತ್ತು, ಪೊಲೀಸರು ಬೆನ್ನು ಬಿದ್ದರೆ ಲೀವ್‌ಮಿಅಲೋನ್. ಗೇಮ್‌ನ ನಾಯಕ ಟಾಮಿ ವರ್ಸೆಟ್ಟಿಯ ಬಾಯಲ್ಲಿ ಮಾತಾಡುತ್ತಿದ್ದದ್ದು ರೇ ಲಿಯೊಟ್ಟಾ ಅನ್ನೋ ಹಾಲಿವುಡ್ ನಟ ಅಂತ ಆಗ ನಮಗೆ ಗೊತ್ತಿರಲಿಲ್ಲ. ಸ್ಪೀಕರ್‌ಗಳಲ್ಲಿ ಅರ್ಧ ಕೆಟ್ಟೇ ಹೋಗಿದ್ದವು. ಕಥೆ ಏನು, ಮಿಷನ್ ಏನು ಅಂತ ತಲೆ ಕೆಡಿಸಿಕೊಂಡವರೂ ಕಡಿಮೆ. ಟ್ಯಾಂಕ್ ಹತ್ತಿ ಬೀಚ್ ರಸ್ತೆಯಲ್ಲಿ ಹೋಗೋದು, ಸಿಕ್ಕವರ ಮೇಲೆ ಹತ್ತಿಸೋದು, ಪೊಲೀಸರು ಬೆನ್ನು ಬಿದ್ದಾಗ ಮೂಲೆಯಲ್ಲಿ ಏರುವ ಸ್ಟಾರ್ ಎಣಿಸೋದು.

ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬ ಮಾತ್ರ ಕೆಂಪು ಸಿಗ್ನಲ್ ಬಿದ್ದರೆ ಗಾಡಿ ನಿಲ್ಲಿಸುತ್ತಿದ್ದ. ನಿಜವಾಗಿ. ಕದ್ದ ಕಾರನ್ನು ಸಿಗ್ನಲ್‌ನಲ್ಲಿ ನಿಲ್ಲಿಸಿ ಹಸಿರು ಬರುವವರೆಗೆ ಕಾಯುತ್ತಿದ್ದ. ಗಂಟೆಗೆ 20 ರೂಪಾಯಿ ಕೊಟ್ಟು ಯಾಕಪ್ಪಾ ಈ ಕರ್ಮ ಅಂತ ಹಿಂದೆ ನಿಂತವರು ಬೊಬ್ಬೆ ಹೊಡೆಯುತ್ತಿದ್ದರು. ಅವನು ಆಂಬುಲೆನ್ಸ್ ಹತ್ತಿ ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸೋ ಕೆಲಸವನ್ನೂ ಮಾಡುತ್ತಿದ್ದ. ನಾವು ಅವನಿಗೆ ಡಾಕ್ಟ್ರು ಅಂತ ಹೆಸರಿಟ್ಟಿದ್ದೆವು. ಆಮೇಲೆ ಗೊತ್ತಾಯ್ತು, ಆ ಆಂಬುಲೆನ್ಸ್ ಕೆಲಸವನ್ನು 12 ಹಂತ ಮುಗಿಸಿದರೆ ಟಾಮಿ ಎಷ್ಟು ಓಡಿದರೂ ಸುಸ್ತಾಗುವುದಿಲ್ಲವಂತೆ. ಡಾಕ್ಟ್ರ ದಯೆಗೂ ಒಂದು ಲೆಕ್ಕ ಇತ್ತು! ಆದರೆ ಸಿಗ್ನಲ್‌ನಲ್ಲಿ ನಿಂತರೆ ಏನೂ ಸಿಗುತ್ತಿರಲಿಲ್ಲ. ಒಂದು ಸಲ ಕೇಳಿಯೇಬಿಟ್ಟೆ, ಯಾಕೋ ನಿಲ್ಲಿಸ್ತೀಯ ಅಂತ. "ಪಕ್ಕದ ಗಾಡಿಯವರೆಲ್ಲ ನಿಂತಿದಾರಲ್ಲ ಮಾರಾಯ" ಅಂದ. ಯಾರೂ ಕೂತಿರದ ಆ ಗಾಡಿಗಳ ಮುಂದೆ ಅವನಿಗೆ ಸಂಕೋಚ ಆಗುತ್ತಿತ್ತು.

ಆ ಮಾತನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ಅವನು ಈಗ ತೀರ್ಥಹಳ್ಳಿ ಕಡೆ ಅಡಿಕೆ ವ್ಯಾಪಾರದಲ್ಲಿದ್ದಾನೆ. ಆ ಕೆಫೆಯಲ್ಲಿ ಕೂತು ಜನರ ಮೇಲೆ ಟ್ಯಾಂಕ್ ಹತ್ತಿಸುತ್ತಿದ್ದವರು ಬ್ಯಾಂಕಲ್ಲಿ, ಶಾಲೆಗಳಲ್ಲಿ ಇದ್ದಾರೆ. ಯಾರೂ ಯಾರ ಮೇಲೂ ಏನನ್ನೂ ಹತ್ತಿಸಿಲ್ಲ. ಡಾಕ್ಟ್ರು ನಮಗಿಂತ ಒಳ್ಳೆಯವನಾಗಿ ಬೆಳೆದ ಅಂತಲೂ ಹೇಳೋಕಾಗಲ್ಲ, ತೂಕದಲ್ಲಿ ಅವನೂ ಸಾಚಾ ಅಲ್ಲ ಅಂತ ಊರಲ್ಲಿ ಮಾತಿದೆ. ಅದಕ್ಕೇ ಗೇಮ್ ಆಡೋದನ್ನು ನೋಡಿ ಮನುಷ್ಯನ ಜಾತಕ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ವೈಸ್ ಸಿಟಿಯಲ್ಲಿ ಇನ್ನೊಂದಿತ್ತು. ಯಾರನ್ನಾದರೂ ಗುದ್ದಿ ಬೀಳಿಸಿದರೆ ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಬರುತ್ತಿತ್ತು. ಇಬ್ಬರು ಇಳಿದು ಬಂದು ಬಗ್ಗಿ ಏನೋ ಮಾಡಿದರೆ ಸತ್ತವನು ಎದ್ದು ಬಟ್ಟೆ ಕೂಡ ಕೊಡವಿಕೊಳ್ಳದೆ ನಡೆದು ಹೋಗುತ್ತಿದ್ದ. ಸಾವು ಅಷ್ಟು ಅಗ್ಗವಾಗಿದ್ದ ಜಾಗದಲ್ಲಿ ಕೊಲೆ ಅನ್ನೋ ಮಾತಿಗೆ ಏನು ತೂಕ?

ಅಂದ ಹಾಗೆ, ಅಕ್ಕನ ಮಗನೂ ಆ ಸಂಜೆ ಅದನ್ನೇ ಮಾಡಿದ. ಹಳೇ ಸೇವ್ ಲೋಡ್ ಮಾಡಿದ, ಅಂದರೆ ಮೊದಲೇ ಉಳಿಸಿಟ್ಟಿದ್ದ ಜಾಗದಿಂದ ಗೇಮ್ ಮತ್ತೆ ಶುರು ಮಾಡಿದ, ಕಾಳ ಎದ್ದು ನಿಂತಿತು. ಈ ದಾರಿಯನ್ನೂ ಮುಚ್ಚಿದವನು ಟೋಬಿ ಫಾಕ್ಸ್. 2015ರ ಅವನ 'ಅಂಡರ್‌ಟೇಲ್' ಗೇಮ್‌ನಲ್ಲಿ ಶುರುವಿಗೇ ನಿಮ್ಮನ್ನು ತಾಯಿಯ ಹಾಗೆ ನೋಡಿಕೊಳ್ಳುವ ಟೊರಿಯಲ್ ಅನ್ನೋ ಪಾತ್ರ ಬರುತ್ತದೆ. ಗೊತ್ತಿಲ್ಲದೆ ಅವಳನ್ನು ಕೊಂದು, ಬೇಜಾರಾಗಿ, ಗೇಮ್ ಮತ್ತೆ ಲೋಡ್ ಮಾಡಿ ಅವಳನ್ನು ಉಳಿಸಿದಿರಿ ಅಂತಿಟ್ಟುಕೊಳ್ಳಿ. ಮುಂದೆ ಒಂದು ಹೂವು ಎದುರಾಗಿ, ನೀನು ಅವಳನ್ನು ಕೊಂದದ್ದು ನನಗೆ ಗೊತ್ತು, ಆಮೇಲೆ ಹಿಂದೆ ಹೋಗಿ ಸರಿ ಮಾಡಿಕೊಂಡೆ ಅಂತ ಹಂಗಿಸುತ್ತದೆ. ನಾನು ಆ ಜಾಗದಲ್ಲಿ ಕುರ್ಚಿಯಿಂದ ಹಿಂದಕ್ಕೆ ಸರಿದಿದ್ದೆ. ಗೇಮ್ ನನ್ನನ್ನೇ ನೋಡುತ್ತಿದೆ ಅನ್ನಿಸಿತ್ತು. ಆದರೂ ಹೂವಿಗೂ ಟೊರಿಯಲ್‌ಗೂ ಏನೂ ಆಗಿರಲಿಲ್ಲ. ಆದದ್ದೆಲ್ಲ ನನಗೆ.

ಹೆಸರಿಲ್ಲದ ಡಾಕ್ಟರು, ಹೆಸರಿರುವ ಮಗಳು

ಈಗ ಅಸಲು ವಿಷಯಕ್ಕೆ ಬರುತ್ತೇನೆ. 2013ರಲ್ಲಿ 'ದಿ ಲಾಸ್ಟ್ ಆಫ್ ಅಸ್' ಬಂತು. ಜಗತ್ತೆಲ್ಲ ಒಂದು ಸೋಂಕಿಗೆ ಸಿಕ್ಕಿ ಹಾಳಾಗಿದೆ. ಜೋಯಲ್ ಅನ್ನೋ ಗಡುಸು ಮನುಷ್ಯ 'ಎಲ್ಲೀ' ಅನ್ನೋ ಹೆಸರಿನ ಹುಡುಗಿಯನ್ನು ದೇಶದ ಒಂದು ತುದಿಯಿಂದ ಇನ್ನೊಂದು ಕಡೆಗೆ ಕರೆದುಕೊಂಡು ಹೋಗುತ್ತಾನೆ. ಅವಳ ಮೆದುಳಿನಿಂದ ಔಷಧಿ ತೆಗೆಯಬಹುದು, ಆದರೆ ಅವಳು ಬದುಕುವುದಿಲ್ಲ. ಕೊನೆಗೆ ಆಪರೇಷನ್ ಥಿಯೇಟರ್‌ಗೆ ನುಗ್ಗುತ್ತೀರಿ. ನೀವೇ ನುಗ್ಗುತ್ತೀರಿ, ಕಂಟ್ರೋಲರ್ ನಿಮ್ಮ ಕೈಯಲ್ಲೇ ಇದೆ. ಒಬ್ಬ ಸರ್ಜನ್ ಸಣ್ಣ ಚಾಕು ಹಿಡಿದು ಅಡ್ಡ ನಿಲ್ಲುತ್ತಾನೆ. ಅವನಿಗೆ ಆಗ ಹೆಸರಿರಲಿಲ್ಲ. ಅವನನ್ನು ಕೊಲ್ಲದೆ ಮುಂದೆ ಹೋಗೋಕೆ ಗೇಮ್ ಬಿಡುವುದಿಲ್ಲ. ಕೊಲ್ಲುತ್ತೀರಿ, ಹುಡುಗಿಯನ್ನು ಎತ್ತಿಕೊಂಡು ಓಡುತ್ತೀರಿ, ಕಣ್ಣೀರು ಹಾಕುತ್ತೀರಿ, ಜೋಯಲ್‌ಗಾಗಿ. ಆ ಡಾಕ್ಟರ ಬಗ್ಗೆ ಯಾರೂ ಕ್ಯಾರೇ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಏಳು ವರ್ಷ ಆದ ಮೇಲೆ ಎರಡನೇ ಭಾಗ ಬಂತು. ಶುರುವಾಗಿ ಸ್ವಲ್ಪ ಹೊತ್ತಿಗೇ ಆ್ಯಬಿ ಅನ್ನೋ ಹುಡುಗಿ ಗಾಲ್ಫ್ ಕ್ಲಬ್ ಹಿಡಿದು ಜೋಯಲ್‌ನನ್ನು ಬಡಿದು ಕೊಂದಳು. ಅವಳು ಯಾರು? ಆ ಡಾಕ್ಟರ ಮಗಳು. ಈಗ ಡಾಕ್ಟರಿಗೆ ಹೆಸರಿದೆ, ಮುಖ ಇದೆ, ಮಗಳ ಜೊತೆ ಕಾಡಲ್ಲಿ ಒಂದು ಜೀಬ್ರಾವನ್ನು ತಂತಿಬೇಲಿಯಿಂದ ಬಿಡಿಸಿದ ನೆನಪಿದೆ. ಅಷ್ಟೇ ಅಲ್ಲ, ಗೇಮ್‌ನ ಹತ್ತಿರಹತ್ತಿರ ಅರ್ಧ ಭಾಗ ನೀವು ಆ್ಯಬಿಯಾಗಿಯೇ ಆಡಬೇಕು. ನನ್ನ ಮಟ್ಟಿಗೆ ಇದು ಗೇಮ್‌ಗಳಲ್ಲಿ ನಡೆದ ತುಂಬಾ ದಿಟ್ಟ ಕೆಲಸ. ನೀನು ಮಂಡಕ್ಕಿ ಮೆಲ್ಲುತ್ತಾ ಕೊಂದೆಯಲ್ಲ, ಅವನಿಗೂ ಮನೆಯಿತ್ತು, ತಗೋ ಅವನ ಮಗಳನ್ನು ನೀನೇ ನಡೆಸು ಅಂದ ಹಾಗೆ.

ಬಹಳ ಜನ ಆ ಮಾತು ಕೇಳಿಸಿಕೊಂಡರು. ಕೆಲವರು ಆಟ ಅರ್ಧಕ್ಕೇ ನಿಲ್ಲಿಸಿದರು, ನನ್ನ ಗೆಳೆಯನೊಬ್ಬ ಆ್ಯಬಿಯನ್ನು ಬೇಕಂತಲೇ ಕಟ್ಟಡದ ಮೇಲಿಂದ ಹಾರಿಸಿ ಹಾರಿಸಿ ಸಾಯಿಸಿದ. ಇದಿಷ್ಟೂ ನನ್ನ ಪ್ರಕಾರ ಸರಿ. ಅದು ಅವನಿಗೂ ಆ ಪಾತ್ರಕ್ಕೂ ನಡುವಿನ ವ್ಯವಹಾರ. ಜೋಯಲ್‌ಗಾಗಿ ಅಷ್ಟು ದುಃಖ ಆಗಿದ್ದರೆ ಬರೆದವರು ಗೆದ್ದರು ಅಂತಲೇ ಅರ್ಥ. ಆದರೆ ಇನ್ನು ಕೆಲವರು ಟಿವಿಯಿಂದ ಎದ್ದು ಫೋನ್ ತೆಗೆದರು. ಆ್ಯಬಿಗೆ ದನಿ ಮತ್ತು ಅಭಿನಯ ಕೊಟ್ಟ ನಟಿ ಲಾರಾ ಬೇಯ್ಲಿ ಅವರಿಗೆ ಕೊಲೆ ಬೆದರಿಕೆಗಳು ಹೋದವು. ಅವರ ಎಳೆ ಮಗುವನ್ನೂ ಬಿಡಲಿಲ್ಲ. 2020ರ ಜುಲೈನಲ್ಲಿ ಅವರು ಕೆಲವನ್ನು ಟ್ವಿಟರ್‌ನಲ್ಲಿ ಹಾಕಿದರು, ಗೇಮ್ ಮಾಡಿದ ನಾಟಿ ಡಾಗ್ ಕಂಪನಿ ಇದನ್ನು ಖಂಡಿಸಿ ಹೇಳಿಕೆ ಕೊಟ್ಟಿತು. ವರ್ಷಗಳು ಕಳೆದರೂ ಇದು ಆರಲಿಲ್ಲ. ಇದೇ ಕಥೆಯ ಟಿವಿ ಸರಣಿಯಲ್ಲಿ ಆ್ಯಬಿಯಾಗಿ ನಟಿಸಿದ ಕೇಟ್ಲಿನ್ ಡೆವರ್ ಅವರಿಗೆ ಶೂಟಿಂಗ್ ಹೊತ್ತಲ್ಲಿ ಹೆಚ್ಚಿನ ಭದ್ರತೆ ಕೊಡಬೇಕಾಯಿತು.

ಇಲ್ಲಿ ಒಂದು ವಿಚಿತ್ರ ಇದೆ. ಆ್ಯಬಿಯ ದನಿ ಲಾರಾ ಅವರದು, ಆದರೆ ಮುಖ ಇನ್ನೊಬ್ಬ ಮಹಿಳೆಯದು, ಆ ಗಟ್ಟಿ ಮೈಕಟ್ಟು ಮತ್ತೊಬ್ಬ ಕ್ರೀಡಾಪಟುವಿನದು. ಅವಳ ಮಾತು ಬರೆದವರು ಬೇರೆ. ಗಾಲ್ಫ್ ಕ್ಲಬ್ ಎತ್ತಿಸಿದ ಅನಿಮೇಟರ್‌ಗಳು ಬೇರೆ. ಹೀಗಿರುವಾಗ ಜೋಯಲ್‌ನ ಕೊಂದವಳು ಅಂತ ಯಾರ ಮನೆ ಬಾಗಿಲು ಬಡಿಯುತ್ತೀರಿ? ಅವರು ಹುಡುಕಿದ್ದು ಟ್ವಿಟರ್‌ನಲ್ಲಿ ಸುಲಭವಾಗಿ ಕೈಗೆ ಸಿಗುವ ಹೆಂಗಸನ್ನು, ಅಷ್ಟೇ. ಇನ್ನೂ ಒಂದು ಮಾತು. ಬೆದರಿಕೆ ಹಾಕಿದ ಇವರೇ ನೂರಾರು ಜನರನ್ನು ಕೊಲ್ಲುವಾಗ "ಬರೀ ಗೇಮ್" ಅಂದಿರುತ್ತಾರೆ. ಒಬ್ಬ ಸತ್ತಾಗ ಅದು ಗೇಮ್ ಆಗಿ ಉಳಿಯಲಿಲ್ಲ. ಪಾತ್ರವನ್ನು ಮನುಷ್ಯ ಅಂದುಕೊಂಡರು, ಆ ಮನುಷ್ಯನಿಗೆ ನ್ಯಾಯ ಕೊಡಿಸೋಕೆ ಹೋಗಿ ನಿಜವಾದ ಮನುಷ್ಯಳನ್ನು ಪಾತ್ರದ ಹಾಗೆ ಕಂಡರು. ಅವಳಿಗೆ ಏನು ಹೇಳಿದರೂ ನಡೆಯುತ್ತದೆ, ಅವಳೂ ಲೋಡ್ ಮಾಡಿದರೆ ಎದ್ದು ಬರುತ್ತಾಳೆ ಅನ್ನೋ ಹಾಗೆ.

ಕರಾವಳಿಯಲ್ಲಿ ಬೆಳಗಾಗುವವರೆಗೆ ಯಕ್ಷಗಾನ ನೋಡಿದವರಿಗೆ ಇದು ವಿಚಿತ್ರ ಅನ್ನಿಸಬೇಕು. ಮಹಿಷಾಸುರ ದೊಂದಿ ಹಿಡಿದು ಜನರ ಮಧ್ಯದಿಂದ ಆರ್ಭಟಿಸುತ್ತಾ ಬಂದರೆ ಮಕ್ಕಳು ಚೀರುತ್ತವೆ, ದೊಡ್ಡವರಿಗೂ ಮೈ ಜುಮ್ಮೆನ್ನುತ್ತದೆ. ಬೆಳಿಗ್ಗೆ ಅದೇ ಮಹಿಷಾಸುರ ಕಿವಿ ಹಿಂದೆ ಇನ್ನೂ ಸ್ವಲ್ಪ ಬಣ್ಣ ಉಳಿದಿರುವಾಗಲೇ ಚಾ ಕುಡಿಯುತ್ತಾ ಬಸ್ಸಿಗೆ ಕಾಯುತ್ತಿರುತ್ತಾನೆ. ಯಾರೂ ಅವನಿಗೆ ಕಲ್ಲು ಹೊಡೆಯುವುದಿಲ್ಲ, ಭಾಗವತರ ಮೇಲೂ ಕೇಸು ಹಾಕುವುದಿಲ್ಲ. ರಾತ್ರಿ ಪೂರ್ತಿ ಹೆದರಿಕೊಳ್ಳೋದು, ಬೆಳಿಗ್ಗೆ ಪೂರ್ತಿ ಬಿಟ್ಟುಬಿಡೋದು, ಎರಡೂ ನಮ್ಮವರಿಗೆ ಬರುತ್ತಿತ್ತು. ಹಾಗಂತ ನಮ್ಮವರು ಬಹಳ ಜಾಣರು ಅಂತ ಬೀಗೋಕೂ ಆಗಲ್ಲ. ಕನ್ನಡ ಧಾರಾವಾಹಿಯಲ್ಲಿ ಕೆಟ್ಟ ಅತ್ತೆ ಪಾತ್ರ ಮಾಡಿದವರ ಇನ್‌ಸ್ಟಾಗ್ರಾಂ ಕಾಮೆಂಟುಗಳನ್ನು ಒಮ್ಮೆ ಓದಿ ನೋಡಿ.

ಯಾರಿಗೂ ನೋವಾಗಲಿಲ್ಲ ಅಂದರೆ ಮುಗಿಯಿತಾ?

ಇಲ್ಲ. ಇಲ್ಲಿ ನನಗೂ ಪೂರ್ತಿ ಉತ್ತರ ಇಲ್ಲ. 2009ರಲ್ಲಿ ಮಾರ್ಗನ್ ಲಕ್ ಅನ್ನೋ ತತ್ವಶಾಸ್ತ್ರಜ್ಞ ಒಂದು ಲೇಖನ ಬರೆದು ಎಲ್ಲರ ಬಾಯಿ ಮುಚ್ಚಿಸಿದ. ಅವನ ಪ್ರಶ್ನೆ ಇಷ್ಟು. ಗೇಮ್‌ನಲ್ಲಿ ಕೊಲೆ ಮಾಡಿದರೆ ಪರವಾಗಿಲ್ಲ, ಯಾಕೆಂದರೆ ಯಾರಿಗೂ ಏನೂ ಆಗಲಿಲ್ಲ ಅನ್ನುತ್ತೀರಿ. ಹಾಗಾದರೆ ಗೇಮ್‌ನಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರೆ? ಅಲ್ಲೂ ಯಾರಿಗೂ ಏನೂ ಆಗಲಿಲ್ಲವಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರ ಹೊಟ್ಟೆ ತೊಳಸುತ್ತದೆ. ಒಂದನ್ನು ಒಪ್ಪಿ ಇನ್ನೊಂದನ್ನು ಬೇಡ ಅನ್ನೋಕೆ ಕಾರಣ ಕೊಡಿ ಅಂತ ಅವನು ಕೇಳಿದ. ಕಾರಣ ಕೊಡುವ ಪ್ರಯತ್ನ ಇವತ್ತಿಗೂ ನಡೆದಿದೆ.

ನನಗೆ ಹೊಳೆಯುವುದು ಇಷ್ಟು. ಗೇಮ್‌ನಲ್ಲಿ ಗುಂಡು ಹೊಡೆಯುವಾಗ ಕೊಲೆ ಯಾರಿಗೂ ಬೇಕಾಗಿರುವುದಿಲ್ಲ. ಗೆಲ್ಲಬೇಕು, ಮುಂದಿನ ಬಾಗಿಲು ತೆಗೆಯಬೇಕು, ಅಡ್ಡ ಇದ್ದವನು ಸರಿಯಬೇಕು. ಇನ್ನೊಂದರಲ್ಲಿ ಹಾಗಲ್ಲ, ಆ ಕೃತ್ಯವೇ ಅವನಿಗೆ ಬೇಕಾದ ಸುಖ. ಅಲ್ಲಿ ಚಿತ್ರಕ್ಕೆ ನೋವಾಗುತ್ತದೆ ಅಂತಲ್ಲ, ಅದನ್ನು ನೋಡಿ ಸುಖಪಡುವವನ ಪಕ್ಕದ ಮನೆಯಲ್ಲಿ ನಿಜವಾದ ಮಗು ಇರುತ್ತದೆ ಅಂತ. ಈ ಉತ್ತರ ಸೋರುತ್ತದೆ ಅಂತ ನನಗೆ ಗೊತ್ತು. ಆ ಕೆಫೆಯಲ್ಲಿ ಟ್ಯಾಂಕ್ ಹತ್ತಿಸಿ ನಗುತ್ತಿದ್ದವರಿಗೆ ಯಾವ ಬಾಗಿಲೂ ತೆಗೆಯಬೇಕಾಗಿರಲಿಲ್ಲ, ಹತ್ತಿಸೋದೇ ಮಜಾ ಆಗಿತ್ತು. ಆದರೂ ಎರಡು ನಗು ಒಂದೇ ಅಂತ ಒಪ್ಪೋಕೆ ನನ್ನಿಂದ ಆಗುತ್ತಿಲ್ಲ.

2018ರಲ್ಲಿ, 'ರೆಡ್ ಡೆಡ್ 2' ಬಂದ ಹೊಸದರಲ್ಲೇ, ಇನ್ನೊಂದು ಗಲಾಟೆ ಆಯ್ತು. ಆ ಗೇಮ್‌ನ ಸೇಂಟ್ ಡೆನಿಸ್ ನಗರದಲ್ಲಿ ಒಬ್ಬ ಹೆಂಗಸು ಬೀದಿಯಲ್ಲಿ ನಿಂತು ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಬೇಕು ಅಂತ ಕೂಗುತ್ತಿರುತ್ತಾಳೆ. ಒಬ್ಬ ಯೂಟ್ಯೂಬರ್ ಅವಳಿಗೆ ಹೊಡೆದು, ಅದನ್ನು 'ಕಿರಿಕಿರಿ ಫೆಮಿನಿಸ್ಟ್‌ಗೆ ಹೊಡೆತ' ಅನ್ನೋ ಧಾಟಿಯ ತಲೆಬರಹ ಕೊಟ್ಟು ಹಾಕಿದ. ಯೂಟ್ಯೂಬ್ ಅವನ ಚಾನೆಲ್ಲನ್ನೇ ತೆಗೆಯಿತು, ಆಮೇಲೆ ವಾಪಸ್ ಕೊಟ್ಟು ವಿಡಿಯೋಗೆ ವಯಸ್ಸಿನ ಮಿತಿ ಹಾಕಿತು. ಇದೇ ಗೇಮ್‌ನಲ್ಲಿ ಯಾರಿಗೆ ಬೇಕಾದರೂ ಹೊಡೆಯಬಹುದಲ್ಲ, ಶೆರಿಫನಿಗೆ ಹೊಡೆದರೆ ಯಾರೂ ಕೇಳಲ್ಲ, ಇವಳಿಗೆ ಮಾತ್ರ ಏನು ವಿಶೇಷ ಅಂತ ಬಹಳ ಜನ ವಾದಿಸಿದರು. ಗೇಮ್ ಒಳಗೆ ನಿಂತು ನೋಡಿದರೆ ಅವರು ಹೇಳೋದು ಸರಿ. ಒಬ್ಬನೇ ಕೂತು ಹೊಡೆದಿದ್ದರೆ ನನಗೂ ಅದು ಶೆರಿಫನ ಕೇಸೇ. ಆದರೆ ಆ ತಲೆಬರಹವನ್ನು ಓದುವವರು ಯಾರು? ಸೇಂಟ್ ಡೆನಿಸ್‌ನವರಲ್ಲ. ಮಾತಾಡುವ ಹೆಂಗಸರನ್ನು ಕಂಡರೆ ನಿಜವಾಗಿ ಕೈ ಕಡಿಯುವ ಜನ, ಮತ್ತೆ ಅಂಥ ಜನರ ಕಾಮೆಂಟ್ ದಿನಾ ಓದಬೇಕಾದ ನಿಜವಾದ ಹೆಂಗಸರು. ಏಟು ಬಿದ್ದದ್ದು ಗೊಂಬೆಗೆ, ಸಂದೇಶ ಹೋದದ್ದು ಇವರಿಗೆ.

ಗೇಮ್‌ನ ಕಥೆ ಬರೆದವರು ಮಾತ್ರ ಈ ವಿಷಯದಲ್ಲಿ ನಮಗಿಂತ ಮುಂದಿದ್ದರು. ಆರ್ಥರ್ ಸಾಲ ವಸೂಲಿಗೆ ಹೋಗಿ ಡೌನ್ಸ್ ಅನ್ನೋ ಬಡಪಾಯಿಗೆ ಅವನ ಬೇಲಿ ಪಕ್ಕದಲ್ಲೇ ಹೊಡೆಯುತ್ತಾನೆ. ಆ ಮನುಷ್ಯ ಆರ್ಥರ್‌ನ ಮುಖದ ಮೇಲೆ ಕೆಮ್ಮುತ್ತಾನೆ. ಆಡುವಾಗ ಯಾರೂ ಗಮನ ಕೊಡಲ್ಲ, ಇನ್ನೊಬ್ಬ ಎನ್‌ಪಿಸಿ ಅಷ್ಟೇ. ಆರ್ಥರ್‌ಗೆ ಟಿಬಿ ಹತ್ತಿದ್ದು ಅಲ್ಲೇ. ಮುಂದೆ ಅದರಿಂದಲೇ ಅವನು ಸವೆಯುತ್ತಾ ಹೋಗುತ್ತಾನೆ.

ಪ್ರೀತಿಸಿದವರ ಕಥೆ

ದ್ವೇಷದ ಮಾತೇ ಜಾಸ್ತಿ ಆಯ್ತು. ಪಾತ್ರವನ್ನು ಮನುಷ್ಯರಿಗಿಂತ ಹೆಚ್ಚಾಗಿ ಪ್ರೀತಿಸಿದವರೂ ಇದ್ದಾರೆ. 2009ರಲ್ಲಿ ಜಪಾನಿನ ಒಬ್ಬ 'ಲವ್ ಪ್ಲಸ್' ಅನ್ನೋ ಗೇಮ್‌ನ ನೆನೆ ಅನೆಗಸಾಕಿ ಪಾತ್ರವನ್ನು ಮದುವೆಯಾದ. 2018ರಲ್ಲಿ ಅಕಿಹಿಕೊ ಕೊಂಡೊ ಅನ್ನೋವರು ಹತ್ಸುನೆ ಮಿಕು ಜೊತೆ ಟೋಕಿಯೋದಲ್ಲಿ ಮದುವೆ ಮಾಡಿಕೊಂಡರು. ಮಿಕು ಮೂಲದಲ್ಲಿ ಹಾಡುವ ಸಾಫ್ಟ್‌ವೇರಿನ ಪಾತ್ರ, ಗೇಮ್‌ಗಳಲ್ಲೂ ಬರುತ್ತಾಳೆ. ಅವರ ಮನೆಯಲ್ಲಿ ಅವಳು ಗಾಜಿನ ಕೊಳವೆಯಂಥ ಯಂತ್ರದಲ್ಲಿ ಕಾಣಿಸಿಕೊಂಡು ಮಾತಾಡುತ್ತಿದ್ದಳು. 2020ರಲ್ಲಿ ಕಂಪನಿ ಆ ಸೇವೆ ನಿಲ್ಲಿಸಿತು, ಮಾತು ಬಂದ್ ಆಯ್ತು. ಮದುವೆ ಮುರಿಯಿತು ಅಂತ ಕೊಂಡೊ ಒಪ್ಪಲಿಲ್ಲ. ಈ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ನಗೆಚಾಟಿಕೆಯಾಗಿ ಓಡಾಡಿತ್ತು. ಕೆಲಸದ ಜಾಗದಲ್ಲಿ ಕಿರುಕುಳ ಅನುಭವಿಸಿ ಮನೆಯಿಂದ ಹೊರಗೆ ಬರಲಾಗದೆ ಇದ್ದಾಗ ಮಿಕುವಿನ ಹಾಡು ತನ್ನನ್ನು ಎತ್ತಿ ನಿಲ್ಲಿಸಿತು ಅಂತ ಅವರೇ ಹೇಳಿಕೊಂಡಿದ್ದಾರೆ. ನಕ್ಕವರು ಅದನ್ನು ಓದಿರಲಿಕ್ಕಿಲ್ಲ. ಆ ಮದುವೆಯಲ್ಲಿ ನೋವಾಗುವ ಸಾಧ್ಯತೆ ಇದ್ದದ್ದು ಒಬ್ಬರಿಗೇ, ನಾವೆಲ್ಲ ಸೇರಿ ನಕ್ಕಿದ್ದು ಅವರನ್ನೇ.

ಇಷ್ಟು ದಿನ ಪಾತ್ರ ಬರೆದಿಟ್ಟ ಮಾತನ್ನಷ್ಟೇ ಆಡುತ್ತಿತ್ತು. ಇನ್ನು ಮುಂದೆ ಹಾಗಿರಲ್ಲ. 2025ರ ಮೇ ತಿಂಗಳಲ್ಲಿ ಫೋರ್ಟ್‌ನೈಟ್ ಗೇಮ್‌ಗೆ ಎಐನಿಂದ ಮಾತಾಡುವ ಡಾರ್ತ್ ವೇಡರ್, 'ಸ್ಟಾರ್ ವಾರ್ಸ್' ಸಿನಿಮಾಗಳ ಖಳನಾಯಕ, ಬಂದ. ನೀವು ಕೇಳಿದ್ದಕ್ಕೆ ಆಗಿಂದಾಗಲೇ ಉತ್ತರ ಕೊಡುತ್ತಾನೆ, ದನಿ ಸಿನಿಮಾದಲ್ಲೂ ಅವನಿಗೆ ದನಿ ಕೊಟ್ಟಿದ್ದ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಜೋನ್ಸ್ ಅಷ್ಟರಲ್ಲಿ ತೀರಿಕೊಂಡಿದ್ದರು, ಮನೆಯವರು ಒಪ್ಪಿಗೆ ಕೊಟ್ಟಿದ್ದರು. ಆಟಗಾರರು ಮೊದಲ ದಿನವೇ ಅವನ ಬಾಯಲ್ಲಿ ಹೊಲಸು ಬೈಗುಳ ಹೇಳಿಸಿದರು. ಕಂಪನಿ ಓಡಿ ಬಂದು ತೇಪೆ ಹಾಕಿತು. ಈಗ ಹೇಳಿ, ಅವಮಾನ ಯಾರಿಗಾಯ್ತು? ವೇಡರ್‌ಗೆ ಅಂತೂ ಅಲ್ಲ, ಅವನು ಗ್ರಹಗಳನ್ನೇ ಸುಟ್ಟವರ ಪೈಕಿ. ನನಗೆ ಕೆಟ್ಟದೆನಿಸಿದ್ದು ಜೋನ್ಸ್ ಅವರ ಮನೆಯವರನ್ನು ನೆನೆದು. ತೀರಿಹೋದ ಹಿರಿಯರ ಗಂಟಲಲ್ಲಿ ಯಾರೋ ಪಡ್ಡೆ ಹುಡುಗರು ಹೊಲಸು ಮಾತಾಡಿಸಿದರೆ ಹೇಗಿರುತ್ತೆ?

ಗೇಮ್‌ಗಳಿಗೆ ದನಿ, ಅಭಿನಯ ಕೊಡುವವರೂ ಇರುವ ಅಮೆರಿಕದ ನಟರ ಸಂಘ ಆ ಹೊತ್ತಿಗೆ ಗೇಮ್ ಕಂಪನಿಗಳ ವಿರುದ್ಧ ಮುಷ್ಕರದಲ್ಲಿತ್ತು. 2024ರ ಜುಲೈನಲ್ಲಿ ಶುರುವಾದದ್ದು, ಜಗಳದ ಮುಖ್ಯ ವಿಷಯವೇ ಎಐ. ನಮ್ಮ ದನಿಯನ್ನು, ಚಲನೆಯನ್ನು ಒಮ್ಮೆ ರೆಕಾರ್ಡ್ ಮಾಡಿಕೊಂಡು ಆಮೇಲೆ ಯಂತ್ರದಿಂದ ಏನು ಬೇಕಾದರೂ ಮಾಡಿಸಬಹುದಾ ಅನ್ನೋದು ಅವರ ಪ್ರಶ್ನೆ. ವೇಡರ್ ವಿಷಯಕ್ಕೂ ಸಂಘ ದೂರು ಕೊಟ್ಟಿತು, ನಮ್ಮನ್ನು ಕೇಳದೆ ಸದಸ್ಯರ ಕೆಲಸವನ್ನು ಯಂತ್ರಕ್ಕೆ ಕೊಟ್ಟಿರಿ ಅಂತ. ಸುಮಾರು ಒಂದು ವರ್ಷದ ಮೇಲೆ ಒಪ್ಪಂದ ಆಯ್ತು. ಡಿಜಿಟಲ್ ನಕಲು ಮಾಡಬೇಕಾದರೆ ನಟರ ಒಪ್ಪಿಗೆ ಬೇಕು, ಎಲ್ಲಿ ಬಳಸಿದೆವು ಅಂತ ತಿಳಿಸಬೇಕು. ಮುಷ್ಕರ ನಡೆಯುತ್ತಿದ್ದರೆ ನಟರು ಆ ಒಪ್ಪಿಗೆಯನ್ನು ತಡೆಹಿಡಿಯಬಹುದು, ಅಷ್ಟು ದಿನ ಅವರ ನಕಲಿನಿಂದ ಹೊಸ ಮಾತು ಹುಟ್ಟಿಸುವಂತಿಲ್ಲ. ನಾಳೆ ಯಾವುದೋ ಗೇಮ್‌ನಲ್ಲಿ ಅಂಗಡಿಯವನೊಬ್ಬ ಕೇಳಿದ್ದಕ್ಕೆಲ್ಲ ಹಳೇ ಉತ್ತರವನ್ನೇ ಕೊಡುತ್ತಾ ನಿಂತಿದ್ದರೆ ಬಗ್ ಅಂತ ಕಂಪನಿಗೆ ಬಯ್ಯೋ ಮೊದಲು ಸುದ್ದಿ ನೋಡಿ. ಅವನಿಗೆ ದನಿ ಕೊಟ್ಟವರು ಮುಷ್ಕರದಲ್ಲಿ ಇರಬಹುದು.